ರಂಕಾಳದ ದಂಡೆಯಲ್ಲಿ ಒಂದು ಸಂಜೆ

ಇಚಲಕರಂಜಿಯಲ್ಲಿ ನಲವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದರೂ ನಾವು ದಂಪತಿಗಳು ಇಬ್ಬರೇ ಎಲ್ಲಿಗೂ ಹೋದವರಲ್ಲ. ಕಳೆದ ಡಿಸೆಂಬರಿನ ಒಂದು ಶನಿವಾರ ಮಗನಿಗೆ ಅಂಗಡಿ ಒಪ್ಪಿಸಿ ಕೊಲ್ಹಾಪುರದ ಬಸ್ಸು ಹತ್ತಿದೆವು.

1884ರಲ್ಲಿ ಪೂರ್ಣಗೊಂಡ ಹೊಸ ಅರಮನೆಯ ವಸ್ತುಸಂಗ್ರಹಾಲಯ ನೋಡಿದೆವು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಶಾಲು ಹೊದ್ದು ರಂಕಾಳ ಕೆರೆಯ ದಂಡೆಯಲ್ಲಿ ಕುಳಿತೆವು. ಗಡಹಿಂಗ್ಲಜ ನಮ್ಮ ಮನೆಯವರ ತವರು. "ಲಗ್ನಾದ ಹೊಸತರಾಗ ರಂಕಾಳ ತೋರಸ್ತೀನಿ ಅಂದಿದ್ರಿ" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಬರುವಾಗ ಕುಂಭೋಜ ಬಾಹುಬಲಿಯಲ್ಲಿ 28 ಅಡಿ ಎತ್ತರದ ಮೂರ್ತಿಯ ದರ್ಶನ ಪಡೆದೆವು. ಮೆಟ್ಟಿಲಲ್ಲಿ ಮೊಣಕಾಲು ನೋಯುತ್ತಿದ್ದವು.

ಓದುಗ ಬಂಧುಗಳೇ, ಪೇಟೆಯ ಬಾಕಿಯನ್ನು ಬಡ್ಡಿ ಸೇರಿಸಿ ತೀರಿಸಬಹುದು. ಮನೆಯವರಿಗೆ ಕೊಟ್ಟ ಮಾತನ್ನು ಕಾಲು ಗಟ್ಟಿಯಿರುವಾಗಲೇ ತೀರಿಸಿರಿ.