ಉಪ್ಪನ ತಕ್ಕಡಿಯಲ್ಲಿ ಉಮ್ಮನ ಗಿಂಡಿ

ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ, ಕೈಕಾಲು ತೊಳೆಯುವ ಕಡೆ, ಮಾಡಿನ ಪಕ್ಕಾಸಿಗೆ ಒಂದು ತಕ್ಕಡಿ ಕಟ್ಟಿದ್ದೇನೆ. ಅಂಗಡಿಗಳಲ್ಲಿ ಮೊದಲು ಇರುತ್ತಿತ್ತಲ್ಲ, ಅದೇ ಕಬ್ಬಿಣದ ಕೋಲಿನ ತಕ್ಕಡಿ. ಒಂದು ಬದಿಯಲ್ಲಿ ತಟ್ಟೆ, ತಟ್ಟೆಯಲ್ಲಿ ತೂಕದ ಕಲ್ಲು. ಇನ್ನೊಂದು ಬದಿಯಲ್ಲಿ ತಟ್ಟೆ ಇಲ್ಲ, ಅದರ ಬದಲು ಹಿತ್ತಾಳೆಯ ಗಿಂಡಿ ನೇತಾಡುತ್ತಿದೆ. ಮನೆಗೆ ಬಂದವರು ಹಿಂದೆ ಹೋದರೆ ಕೇಳಿಯೇ ಕೇಳುತ್ತಾರೆ, ‘ಇದೆಂತ ಮಾರಾಯ, ನೀರನ್ನೂ ತೂಕ ಮಾಡಿ ಕೊಡ್ತೀರಾ?’ ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ.

ತಕ್ಕಡಿ ನನ್ನ ಉಪ್ಪನದ್ದು. ಉಪ್ಪಳದ ಒಳಗಡೆ ನಮ್ಮದು ಜೀನಸಿನ ಅಂಗಡಿ ಇತ್ತು. ವಾರಕ್ಕೊಮ್ಮೆ ಉಪ್ಪ ಮಂಗಳೂರು ಬಂದರಿಗೆ ಹೋಗಿ ಅಕ್ಕಿ, ಬೆಲ್ಲ, ಮೆಣಸು, ಚಾಹುಡಿ ತರುತ್ತಿದ್ದರು. ಬಂದ ಸಾಮಾನಿನಷ್ಟೇ ಜಾಗ್ರತೆ ಅದು ಬಂದ ಚೀಲ, ಡಬ್ಬ, ಹಗ್ಗದ ಬಗ್ಗೆಯೂ ಇತ್ತು ಅವರಿಗೆ. ಗೋಣಿಯ ಬಾಯಿ ಹೊಲಿದ ನೂಲನ್ನು ಕತ್ತರಿಸುತ್ತಿರಲಿಲ್ಲ, ತುದಿ ಹುಡುಕಿ ಒಂದೇ ಎಳೆತಕ್ಕೆ ಬಿಡಿಸಿ ಉಂಡೆ ಸುತ್ತುತ್ತಿದ್ದರು. ಎಣ್ಣೆಯ ಟಿನ್ನಿನ ಮೇಲ್ಭಾಗ ಕತ್ತರಿಸಿ, ಅಂಚು ಒಳಗೆ ಮಡಚಿ, ಮರದ ಹಿಡಿ ಹಾಕಿದರೆ ಬಾವಿಕಟ್ಟೆಗೆ ಬಕೆಟ್. ಡಾಲ್ಡಾ ಡಬ್ಬದಲ್ಲಿ ಚಿಲ್ಲರೆ. ಮುರಿದ ಕೊಡೆಯ ಬಟ್ಟೆ ಮಳೆಗಾಲದಲ್ಲಿ ಸಕ್ಕರೆ ಚೀಲಕ್ಕೆ ಟೊಪ್ಪಿ. ಸೈಕಲಿನ ಟ್ಯೂಬು ಎಂಬುದು ಅವರ ಪ್ರಕಾರ ಪಂಕ್ಚರ್ ಆದ ಮೇಲೆಯೇ ನಿಜವಾಗಿ ಉಪಯೋಗಕ್ಕೆ ಬರುವ ವಸ್ತು. ಬೆರಳಗಲ ಕತ್ತರಿಸಿ ಇಟ್ಟರೆ ನೂರು ಕೆಲಸಕ್ಕೆ ಆಗುತ್ತದೆ.

ನನಗೆ ಇದರಲ್ಲಿ ಹೆಮ್ಮೆ ಏನೂ ಇರಲಿಲ್ಲ. ಪಾಲಿಟೆಕ್ನಿಕ್ಕಿಗೆ ಸೇರಿದಾಗ ಡ್ರಾಯಿಂಗ್ ಶೀಟು ಒಯ್ಯಲು ಎಲ್ಲರೂ ಪೇಟೆಯಿಂದ ಕಪ್ಪು ಪ್ಲಾಸ್ಟಿಕ್ಕಿನ ಕೊಳವೆ ತಂದಿದ್ದರು, ಹೆಗಲಿಗೆ ಹಾಕುವ ಪಟ್ಟಿ ಇರುವಂಥದ್ದು. ಉಪ್ಪ ನನಗೆ ಮೂರಿಂಚಿನ ಪಿವಿಸಿ ಪೈಪ್ ಕತ್ತರಿಸಿ, ಎರಡು ಬದಿಗೆ ಮುಚ್ಚಳ ಹಾಕಿ, ಗೋಣಿನೂಲಿನ ಹಗ್ಗ ಹೊಸೆದು ಕಟ್ಟಿಕೊಟ್ಟರು. ಒಳಗೆ ಒಂದು ಹನಿ ಮಳೆನೀರು ಹೋಗುತ್ತಿರಲಿಲ್ಲ. ಆದರೆ ಕ್ಲಾಸಿನಲ್ಲಿ ಒಬ್ಬ ‘ಪಾಯಿಖಾನೆ ಪೈಪ್ ಬಂತು’ ಎಂದ. ಮರುದಿನದಿಂದ ನಾನು ಅದನ್ನು ಗೆಳೆಯನೊಬ್ಬನ ಚಿಕ್ಕಪ್ಪನ ಅಂಗಡಿಯಲ್ಲಿ ಬಿಟ್ಟು ಶೀಟುಗಳನ್ನು ಕೈಯಲ್ಲೇ ಸುರುಳಿ ಮಾಡಿ ಹಿಡಿದುಕೊಂಡು ಹೋದೆ. ಉಪ್ಪನಿಗೆ ಹೇಳಲಿಲ್ಲ. ಅವರಿಗೆ ಗೊತ್ತಾಗಿತ್ತೋ ಏನೋ.

2016ರಲ್ಲಿ ಉಪ್ಪ ತೀರಿಕೊಂಡರು, ಅಂಗಡಿ ಮುಚ್ಚಿತು. ನಾನು ಆಗಲೇ ಬೈಕಂಪಾಡಿಯಲ್ಲಿ ಕೆಲಸಕ್ಕಿದ್ದೆ, ದಿನಾ ತಲಪಾಡಿ ದಾಟಿ ಹೋಗಿ ಬರುವವನು. ಅಂಗಡಿಯ ಉಳಿದ ಸಾಮಾನೆಲ್ಲ ಮನೆಯ ಚಾವಡಿಯ ಪಕ್ಕದ ಕತ್ತಲೆ ಕೋಣೆಗೆ ಬಂತು. ಗುಜರಿಯವನನ್ನು ಎರಡು ಸಲ ಕರೆಸಿದೆ. ಎರಡು ಸಲವೂ ಉಮ್ಮ ‘ಬೇಂಡ ಮೋನೆ, ಇರಲಿ’ ಎಂದು ಅವನಿಗೆ ಚಾ ಕೊಟ್ಟು ಕಳಿಸಿದರು.

2020ರ ಜನವರಿಯಲ್ಲಿ ಉಮ್ಮನಿಗೆ ಸ್ಟ್ರೋಕ್ ಆಯಿತು. ಸುಬ್‌ಹಿಗೆ ಎದ್ದವರು ಬಾಗಿಲ ಹತ್ತಿರ ಕುಸಿದರು. ಮಂಗಳೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಜೀವ ಉಳಿಯಿತು, ಮಾತೂ ಉಳಿಯಿತು, ಬಲಗಡೆ ಸೋತಿತು. ಮನೆಗೆ ಬರುವಾಗ ಹಿಡಿದುಕೊಂಡು ನಡೆಯುತ್ತಿದ್ದರು. ಬಲಗೈ ಭುಜದಿಂದ ಸ್ವಲ್ಪ ಏಳುತ್ತಿತ್ತು, ಮೊಣಕೈ ಮಡಚುತ್ತಿತ್ತು. ಬೆರಳಿಗೆ ಮಾತ್ರ ಹಿಡಿತವೇ ಇರಲಿಲ್ಲ. ವಾರಕ್ಕೆ ಎರಡು ಸಲ ಮಂಗಳೂರಿಗೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕೆಂದು ಹೇಳಿದ್ದರು. ಹೋಗುತ್ತಿದ್ದೆವು ಕೂಡ. ಅಷ್ಟರಲ್ಲಿ ಮಾರ್ಚ್ ಬಂತು.

ಆ ದಿನಗಳು ಮಂಜೇಶ್ವರ ಕಡೆಯ ಯಾರಿಗೂ ಮರೆಯುವುದಿಲ್ಲ. ತಲಪಾಡಿಯಲ್ಲಿ ರಸ್ತೆ ಬಂದ್, ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದಿದ್ದರು. ನಮಗೆಲ್ಲ ಆಸ್ಪತ್ರೆ ಎಂದರೆ ಮಂಗಳೂರು. ಹುಟ್ಟಿದ್ದೂ ಅಲ್ಲಿ, ಹಲ್ಲು ಕೀಳಿಸಿದ್ದೂ ಅಲ್ಲಿ. ಗಡಿ ಎಂಬುದು ಬಸ್ಸಿನ ಟಿಕೆಟಿನಲ್ಲಿ ಬಿಟ್ಟರೆ ನಮ್ಮ ತಲೆಯಲ್ಲಿ ಇರಲೇ ಇಲ್ಲ. ಆಂಬ್ಯುಲೆನ್ಸ್ ತಿರುಗಿ ಬಂದ ಸುದ್ದಿ ದಿನಾ ಬರುತ್ತಿತ್ತು. ಫಿಸಿಯೋಥೆರಪಿಯ ಹುಡುಗಿ ಮೊಬೈಲಿನಲ್ಲಿ ವಿಡಿಯೋ ಕಳಿಸಿದಳು, ‘ನೋಡಿ ಮಾಡಿಸಿ ಸರ್’ ಎಂದು. ನನಗೂ ಕೆಲಸ ಇಲ್ಲ. ಮನೆಯಲ್ಲಿ ನಾನು, ಉಮ್ಮ, ಹೆಂಡತಿ, ಆರು ವರ್ಷದ ಮಗ.

ಮೊದಲ ಜಗಳ ಊಟದ್ದು. ಎಡಗೈಯಲ್ಲಿ ಉಣ್ಣುವುದಕ್ಕೆ ಉಮ್ಮ ಒಪ್ಪಲಿಲ್ಲ. ಬಲಗೈಗೆ ಚಮಚ ನಿಲ್ಲುವುದಿಲ್ಲ. ಹಿಡಿ ದಪ್ಪ ಇದ್ದರೆ ಹಿಡಿತ ಕಡಿಮೆ ಸಾಕು, ಇದು ಸ್ಕ್ರೂಡ್ರೈವರ್ ಹಿಡಿದ ಯಾರಿಗೂ ಗೊತ್ತು. ಕತ್ತಲೆ ಕೋಣೆಯಲ್ಲಿ ಉಪ್ಪನ ಅಂಗಡಿಯ ಹೊಸ ಹವಾಯಿ ಚಪ್ಪಲಿಗಳು ಉಳಿದಿದ್ದವು, ಯಾರೂ ಕಾಲಿಗೆ ಹಾಕದ್ದು. ಒಂದರ ಅಟ್ಟೆ ಕತ್ತರಿಸಿ ತೂತು ಕೊರೆದು ಚಮಚದ ಹಿಡಿಗೆ ತೂರಿಸಿದೆ. ಒಳ್ಳೆಯ ಕೆಲಸ, ನನ್ನ ಮಟ್ಟಿಗೆ. ಉಮ್ಮ ಒಮ್ಮೆ ನೋಡಿದರು, ನೀಲಿ ಬಣ್ಣ ಗುರುತು ಹಿಡಿದರು. ‘ಚಪ್ಪಲಿ ಹಿಡಿದುಕೊಂಡು ಅನ್ನ ಉಣ್ಣಬೇಕಾ ನಾನು?’ ಹೊಸದು ಉಮ್ಮ ಎಂದೆ. ‘ಹೊಸ ಚಪ್ಪಲಿಯೂ ಚಪ್ಪಲಿಯೇ.’

ಸಂಜೆ ಮಗನ ಸೈಕಲಿನ ಹ್ಯಾಂಡಲಿನ ರಬ್ಬರ್ ಗ್ರಿಪ್ ಎಳೆದು ತೆಗೆದೆ. ಒಳಗಿನ ಅಳತೆ 22 ಮಿಲಿಮೀಟರ್. ಚಮಚದ ಹಿಡಿಗೆ ಹಳೆಯ ಲುಂಗಿಯ ಪಟ್ಟಿ ಸುತ್ತಿ ಒಳಗೆ ಬಿಗಿಯಾಗಿ ಕೂರಿಸಿದೆ. ಬೆರಳು ಕೂರುವ ತಗ್ಗುಗಳು ಅದರಲ್ಲಿ ಮೊದಲೇ ಇರುತ್ತವೆ. ಮಗ ಅತ್ತ, ಅವನ ಸೈಕಲಿಗೆ ಟ್ಯೂಬು ಸುತ್ತಿಕೊಟ್ಟೆ. ಉಮ್ಮ ಗಂಜಿ ಉಂಡರು, ಅರ್ಧ ಚೆಲ್ಲಿ. ತಟ್ಟೆ ಜಾರದ ಹಾಗೆ ಅಡಿಗೆ ಒದ್ದೆ ಬಟ್ಟೆ ಹಾಸುವುದನ್ನು ಹೆಂಡತಿ ಹೇಳಿದ್ದು. ನನಗೆ ಹೊಳೆದಿರಲಿಲ್ಲ.

ಏಪ್ರಿಲ್ ನಡುವಿನಲ್ಲಿ ಉಮ್ಮನಿಗೆ ಚಳಿ ಜ್ವರ ಬಂತು. ಆ ದಿನಗಳಲ್ಲಿ ಜ್ವರ ಎಂದರೆ ಮನೆಯವರ ಕಥೆ ಏನು, ನಿಮಗೆ ಗೊತ್ತು. ಹತ್ತಿರದ ಕ್ಲಿನಿಕ್ಕಿನ ವೈದ್ಯರು ದೂರದಿಂದಲೇ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಎಂದರು. ‘ನೀರು ಎಷ್ಟು ಕುಡಿತಾರೆ?’ ಎಂದು ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಉಮ್ಮನ ಮುಖ ನೋಡಿದಳು.

ವಿಷಯ ಹೊರಬಂತು. ವುಳೂ ಮಾಡಲು ಉಮ್ಮನಿಗೆ ಒಬ್ಬರು ನೀರು ಹೊಯ್ಯಬೇಕು. ಬಲಗೈ ತೊಳೆಯುವುದೇನೋ ಎಡಗೈಯಿಂದ ಆಗುತ್ತದೆ, ಎಡಗೈಗೆ ನೀರು ಹೊಯ್ಯುವುದು ಯಾರು? ಐದು ಹೊತ್ತೂ ನನ್ನ ಹೆಂಡತಿ ಹೊಯ್ಯುತ್ತಿದ್ದಳು, ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಆದರೆ ಉಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ಲುಹರಿಗೆ ಒಮ್ಮೆ ವುಳೂ ಮಾಡಿದರೆ ಇಶಾದವರೆಗೆ ಉಳಿಸಿಕೊಳ್ಳಬೇಕು, ಹಾಗೆ ಉಳಿಸಬೇಕಾದರೆ ಮೂತ್ರಕ್ಕೆ ಹೋಗಬಾರದು, ಹೋಗದಿರಬೇಕಾದರೆ ನೀರು ಕುಡಿಯಬಾರದು. ಏಪ್ರಿಲಿನ ಸೆಖೆಯಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಒಂದು ಗ್ಲಾಸು. ಎರಡು ತಿಂಗಳು ಹೀಗೆ ನಡೆದಿತ್ತು, ಒಂದೇ ಮನೆಯಲ್ಲಿದ್ದ ನಮಗೆ ಗೊತ್ತಾಗಿರಲಿಲ್ಲ.

ನಾನು ಉಸ್ತಾದರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅಶಕ್ತರಿಗೆ ಬೇರೆಯವರು ನೀರು ಹೊಯ್ದರೆ ವುಳೂ ಸರಿಯೇ, ನೀರೇ ಅಪಾಯ ಎಂದಾದರೆ ತಯಮ್ಮುಮ್ ಇದೆ, ನೀರು ಕುಡಿಯದೆ ಆರೋಗ್ಯ ಕೆಡಿಸಿಕೊಳ್ಳಬೇಡಿ ಎಂದು ಅವರು ಬಿಡಿಸಿ ಹೇಳಿದರು. ಉಮ್ಮ ‘ಆಯಿತು ಉಸ್ತಾದೆ’ ಎಂದರು. ಫೋನ್ ಇಟ್ಟ ಮೇಲೆ ನನ್ನ ಹತ್ತಿರ, ‘ಈ ರಂಝಾನಿಗೆ ಉಪವಾಸವೂ ಬೇಡ ಅಂದಿದ್ದಾರೆ ಡಾಕ್ಟರು. ಉಪವಾಸಕ್ಕೆ ಫಿದ್ಯ ಕೊಡ್ತಿ ನೀನು. ವುಳೂಗೆ ಅವಳು ನೀರು ಹೊಯ್ತಾಳೆ. ನನ್ನದು ಅಂತ ಎಂತ ಉಂಟು ಮತ್ತೆ?’ ಎಂದರು.

ರಂಝಾನಿಗೆ ಒಂದು ವಾರ ಇತ್ತು. ಹದಿನೈದು ಲೀಟರಿನ ಎಣ್ಣೆ ಟಿನ್ನಿಗೆ ಹಳೆಯ ನೀರಿನ ಫಿಲ್ಟರಿನ ನಲ್ಲಿ ಕೂರಿಸಿ, ಉಪ್ಪನ ಸೈಕಲಿನ ಬ್ರೇಕ್ ಕೇಬಲ್ ಜೋಡಿಸಿ, ಕಾಲಿನಲ್ಲಿ ಒತ್ತುವ ಹಲಗೆ ಮಾಡಿದೆ. ಎಡಗಾಲು ಒತ್ತಿದರೆ ನೀರು, ಬಿಟ್ಟರೆ ಬಂದ್. ಡಿಪ್ಲೊಮಾ ಓದಿದವನ ಕೆಲಸ ಅಂತ ಕಾಣಬೇಕಲ್ಲ! ಕೇಬಲಿನ ಒಳಗೆ ತುಕ್ಕು, ನಲ್ಲಿಯ ಸ್ಪ್ರಿಂಗಿಗೆ ಅದನ್ನು ಹಿಂದೆ ಎಳೆಯುವ ಶಕ್ತಿ ಇಲ್ಲ. ಒತ್ತಿದ ಮೇಲೆ ಬಂದ್ ಆಗಲೇ ಇಲ್ಲ, ಜಗಲಿಯಿಡೀ ನೀರು. ಎಣ್ಣೆ ಹಾಕಿ ಸರಿ ಮಾಡಿದೆ. ಆಗ ಉಮ್ಮ ನೀರಿಗೆ ಖಾರಾ ಎಣ್ಣೆಯ ವಾಸನೆ ಎಂದರು. ‘ಇಷ್ಟು ನೀರು ಯಾಕೆ ಮೋನೆ? ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಳೂ ಮಾಡಿದ್ದಾರೆ ಅಂತ ಮದ್ರಸದಲ್ಲಿ ಕಲಿತದ್ದು ಮರೆತೆಯಾ? ನನಗೆ ನನ್ನ ಗಿಂಡಿ ಸಾಕು.’

ಗಿಂಡಿ ಅವರು ತವರಿನಿಂದ ತಂದದ್ದು. ತೂಗಿ ನೋಡಿದರೆ ಖಾಲಿ 1 ಕಿಲೋ 300 ಗ್ರಾಂ, ತುಂಬಿದರೆ 2 ಕಿಲೋ 400. ತೂಗಲಿಕ್ಕೆಂದೇ ನಾನು ಉಪ್ಪನ ತಕ್ಕಡಿ ಹೊರಗೆ ತಂದದ್ದು. ಎಲೆಕ್ಟ್ರಾನಿಕ್ ಬಂದ ಮೇಲೆ ಗೋಣಿ ಸುತ್ತಿ ಇಟ್ಟಿದ್ದರು. ಆರು ಮೂಲೆಯ ಕಲ್ಲುಗಳು, ಹೊಟ್ಟೆಯಲ್ಲಿ ಸೀಸ, ಸೀಸದ ಮೇಲೆ ಸೀಲು. ಗಿಂಡಿಯ ಕೊರಳಿಗೆ ಹಗ್ಗ ಹಾಕಿ ಕೋಲಿಗೆ ಸಿಕ್ಕಿಸಿ, ಇನ್ನೊಂದು ಬದಿಗೆ ಎರಡು ಕಿಲೋ ಇಟ್ಟು, ಗಿಂಡಿಯನ್ನು ಬೆರಳಿನಿಂದ ಮೇಲೆ ತಳ್ಳಿದೆ. ಎದ್ದು ಬಂತು. ಎರಡೂ ಚಿಲ್ಲರೆ ಕಿಲೋದ ಗಿಂಡಿ ನನ್ನ ಬೆರಳಿಗೆ ನಾನೂರು ಗ್ರಾಂ. ಸ್ವಲ್ಪ ಹೊತ್ತು ನಾನು ಅದನ್ನೇ ಏಳಿಸಿ ಇಳಿಸಿ ಮಾಡುತ್ತ ಕುಳಿತೆ.

ಕೊರಳಿನಲ್ಲಿ ಕಟ್ಟಿದ ಪಾತ್ರೆಯ ಭಾರವೆಲ್ಲ ಕೆಳಗೆ ಇರುವುದರಿಂದ ಅದು ತಾನಾಗಿ ನೆಟ್ಟಗೆ ನಿಲ್ಲುತ್ತದೆ. ಮೂತಿಯ ಎದುರು ಬದಿಯಲ್ಲಿ, ಹೊಟ್ಟೆಯ ಅಡಿಗೆ ಅಂಗೈ ಕೊಟ್ಟು ಮೇಲೆ ನೂಕಿದರೆ ಏಳುವುದೂ ಬಾಗುವುದೂ ಒಟ್ಟಿಗೆ. ಕೈ ತೆಗೆದರೆ ಮತ್ತೆ ನೆಟ್ಟಗೆ. ಹಿಡಿಯುವ ಕೆಲಸವೇ ಇಲ್ಲ. ಬೆರಳು ಬೇಡ.

ಉಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಬಲ ಅಂಗೈ ಅಡಿಗೆ ಕೊಟ್ಟರು, ನೂಕಿದರು, ಎಡಗೈ ಮೇಲೆ ನೀರು ಬಿತ್ತು. ಮೂರು ಸಲ. ಬಾಯಿ, ಮೂಗು, ಮುಖ. ನಾನು ಒಂದು ಲೆಕ್ಕ ಬಿಟ್ಟಿದ್ದೆ. ನೀರು ಖರ್ಚಾದ ಹಾಗೆ ಗಿಂಡಿ ಹಗುರ ಆಗುತ್ತದಲ್ಲ! ಮೊಣಕೈ ತೊಳೆಯುವಾಗ ಎರಡು ಕಿಲೋದ ಕಲ್ಲು ಗೆದ್ದಿತು, ತಟ್ಟೆ ದಡ್ಡೆಂದು ನೆಲಕ್ಕೆ, ಗಿಂಡಿ ಹಾರಿ ಮೇಲಕ್ಕೆ, ಉಳಿದ ನೀರೆಲ್ಲ ಉಮ್ಮನ ತಲೆಯ ಮೇಲೆ. ನಾನು ಹೆದರಿ ಓಡಿದೆ. ಉಮ್ಮ ನಗುತ್ತಿದ್ದರು. ಜನವರಿಯ ನಂತರ ಆ ನಗು ನಾವು ಕೇಳಿರಲಿಲ್ಲ. ‘ತಲೆಯೂ ಆಯಿತು, ಕಿವಿಯೂ ಆಯಿತು. ನಿನ್ನ ಉಪ್ಪನ ಕಲ್ಲು ಯಾವತ್ತೂ ಸ್ವಲ್ಪ ಹೆಚ್ಚೇ ತೂಗುವುದು’ ಎಂದರು. ಅದು ನಿಜ, ಉಪ್ಪ ಗಿರಾಕಿಯ ಬದಿಗೆ ಕೋಲು ಬಾಗುವವರೆಗೆ ಹಾಕುತ್ತಿದ್ದರು.

ತಟ್ಟೆಯ ಅಡಿಗೆ ಒಂದು ಮಣೆ ಇಟ್ಟೆ, ಕೋಲು ಸಮ ಆದ ಮೇಲೆ ತಟ್ಟೆ ಇಳಿಯದ ಹಾಗೆ. ಅಷ್ಟೇ. ಆ ರಂಝಾನಿನಲ್ಲಿ ಮಸೀದಿ ಮುಚ್ಚಿತ್ತು, ತರಾವೀಹ್ ಮನೆಯಲ್ಲೇ. ಉಮ್ಮ ಕುರ್ಚಿಯಲ್ಲಿ ಕುಳಿತು ನಮ್ಮ ಹಿಂದೆ ನಿಸ್ಕಾರ ಮಾಡಿದರು. ಹಗಲು ಒಂದು ಚೊಂಬು ನೀರು ಪಕ್ಕದಲ್ಲಿ ಇರುತ್ತಿತ್ತು, ಅದು ಖಾಲಿಯಾಗುತ್ತಿತ್ತು.

ಕಲ್ಲು ಕಡಿಮೆ ಮಾಡುವ ಯೋಚನೆ ನನ್ನದಲ್ಲ. ಬಕ್ರೀದಿನ ಹೊತ್ತಿಗೆ ಉಮ್ಮನೇ ‘ಅರ್ಧ ಕಿಲೋ ತೆಗಿ, ಕೈಗೆ ಏನೂ ಗೊತ್ತಾಗುವುದಿಲ್ಲ ಈಗ’ ಎಂದರು. ಕಲ್ಲು ತೆಗೆದಷ್ಟು ಭಾರ ಅವರ ಕೈಗೆ. ವಿಡಿಯೋದಲ್ಲಿ ನೋಡಿದ ಫಿಸಿಯೋಥೆರಪಿಯ ಹುಡುಗಿ ನನ್ನ ಹತ್ತಿರ ದಿನಕ್ಕೆ ಎಷ್ಟು ಸಲ ಎಂದು ಕೇಳಿದಳು. ಐದು ಹೊತ್ತು, ಒಂದೊಂದು ಅಂಗಕ್ಕೆ ಮೂರು ಸಲ ಎಂದೆ. ‘ನಾನು ಹೇಳಿದ ವ್ಯಾಯಾಮ ಇಷ್ಟು ಸಲ ಯಾರೂ ಮಾಡುವುದಿಲ್ಲ ಸರ್’ ಎಂದಳು. ಆ ವರ್ಷದ ಕೊನೆಗೆ ಒಂದು ಕಿಲೋಕ್ಕೆ ಬಂತು. ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಪತ್ತಿರ್ ತಟ್ಟಲು ಆಗುವುದಿಲ್ಲ, ಸೊಸೆ ತಟ್ಟಿದ್ದು ದಪ್ಪ ಆಯಿತೆಂದು ಹೇಳಲು ಆಗುತ್ತದೆ.

ಉಪ್ಪನ ಪಿವಿಸಿ ಪೈಪನ್ನು ಹುಡುಕಿದೆ. ಗೆಳೆಯನ ಚಿಕ್ಕಪ್ಪನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲಿನ ಅಂಗಡಿ, ಕೇಳಿದರೆ ಯಾರಿಗೂ ಗೊತ್ತಿಲ್ಲ.

ತಕ್ಕಡಿಯಲ್ಲಿ ಈಗ ಇರುವುದು 500 ಗ್ರಾಂ. ಮೊನ್ನೆ ಉಮ್ಮ ಅದನ್ನೂ ತೆಗೆಯಲು ಹೇಳಿದರು. 200 ಇಟ್ಟು ನೋಡಿದೆವು. ಅಸರಿಗೆ ಸರಿಯಿತ್ತು, ಇಶಾಕ್ಕೆ ಕೈ ನಡುಗಿತು. ರಾತ್ರಿ ಅವರು ಮಲಗಿದ ಮೇಲೆ ಹೋಗಿ ಮತ್ತೆ 500ರ ಕಲ್ಲು ಇಟ್ಟು ಬಂದೆ. ಸುಬ್‌ಹಿಗೆ ಅವರಿಗೆ ಗೊತ್ತಾಯಿತು, ಏನೂ ಹೇಳಲಿಲ್ಲ.