ಲಂಗದ ಮೇಲಿನ ಮೂರು ಗೀಟು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಶೆಟ್ಟಿಹಳ್ಳಿಯ ಕಡೆ ಎರಡು ಚಿಂತೆ ಒಟ್ಟಿಗೇ ಹತ್ತುತ್ತವೆ. ಹೊಲದಲ್ಲಿ ಆಲೂಗಡ್ಡೆ ಬಿತ್ತನೆ, ಮನೆಯಲ್ಲಿ ಮಕ್ಕಳ ಸಮವಸ್ತ್ರ. ಎರಡಕ್ಕೂ ದುಡ್ಡು ಬೇಕು, ಎರಡೂ ಮಳೆ ಹಿಡಿಯುವ ಮೊದಲೇ ಆಗಬೇಕು.

ನನ್ನ ಯಜಮಾನರು ತೀರಿಕೊಂಡದ್ದು 2013ರಲ್ಲಿ. ಆಗ ಮಗಳು ಮೂರನೆಯ ತರಗತಿ, ಮಗ ಇನ್ನೂ ಅಂಗನವಾಡಿ. ಅವರಿದ್ದಾಗ ಆಸೆಪಟ್ಟು ಮಗಳನ್ನು ಖಾಸಗಿ ಶಾಲೆಗೆ ಸೇರಿಸಿದ್ದರು. ಅಪ್ಪ ಸೇರಿಸಿದ ಶಾಲೆ ಬಿಡಿಸಲು ನನಗೆ ಮನಸ್ಸು ಬರಲಿಲ್ಲ. ಮುಂದೆ ಮಗನನ್ನೂ ಅಲ್ಲಿಗೇ ಸೇರಿಸಿದೆ.

2015ರ ಪಟ್ಟಿ ಈಗಲೂ ಬಾಯಿಪಾಠ. ದಿನನಿತ್ಯದ ಉಡುಪು ಎರಡೆರಡು ಜೊತೆ, ಶನಿವಾರಕ್ಕೆ ಬಿಳಿಯದು, ಟೈ, ಬೆಲ್ಟು, ಕಪ್ಪು ಶೂ, ಬಿಳಿ ಕ್ಯಾನ್‌ವಾಸ್, ಕಾಲುಚೀಲ. ಇಬ್ಬರಿಗೂ ಸೇರಿ 4,800 ರೂಪಾಯಿ. ಆಗ ನನ್ನ ಕೂಲಿ ದಿನಕ್ಕೆ 200. ಅಂದರೆ ಇಪ್ಪತ್ತನಾಲ್ಕು ದಿನದ ದುಡಿಮೆ ಬಟ್ಟೆಗೇ ಹೋಗಬೇಕು. ಅಷ್ಟು ದಿನ ನಾವು ತಿನ್ನುವುದೇನು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಹಾಸಿಗೆಯನ್ನೇ ಒಂದಿಷ್ಟು ಎಳೆದು ಉದ್ದ ಮಾಡಲು ಹೊರಟೆ. ಹೊರಗಿನವರಿಗೆ ನಮ್ಮೂರು ಗೊತ್ತಿರುವುದು ಹೇಮಾವತಿ ಹಿನ್ನೀರಿನಲ್ಲಿ ನಿಂತ ಪಾಳು ಚರ್ಚಿನಿಂದ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ಅದನ್ನು ನೋಡಲು ಭಾನುವಾರ ಕಾರು, ಬೈಕುಗಳಲ್ಲಿ ಜನ ಬರುತ್ತಾರೆ. ಏಪ್ರಿಲ್, ಮೇ ತಿಂಗಳ ಎಂಟು ಭಾನುವಾರ ಅವರಿಗೆ ಸೌತೆಕಾಯಿ ಹೆಚ್ಚಿ, ಉಪ್ಪು ಖಾರ ಸವರಿ ಮಾರಿದೆ. ಖರ್ಚು ಕಳೆದು ವಾರಕ್ಕೆ 150 ರೂಪಾಯಿ ಉಳಿಯಿತು. ಜೂನ್‌ನಿಂದ ವಾರಕ್ಕೆ 40 ರೂಪಾಯಿಯಂತೆ ಡಬ್ಬಿಗೆ ಹಾಕುತ್ತಾ ಬಂದೆ. ವರ್ಷಕ್ಕೆ 2,080 ಆಯಿತು. ಆ ಡಬ್ಬಿಯನ್ನು ಬೇರೆ ಯಾವುದಕ್ಕೂ ಮುಟ್ಟಬಾರದೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ.

ಉಳಿದದ್ದು ಸೂಜಿದಾರದ ಕೆಲಸ. ಸಿದ್ಧ ಉಡುಪು ಬಿಟ್ಟು ಹಾಸನದಲ್ಲಿ ಅದೇ ಬಣ್ಣದ ಬಟ್ಟೆ ಹುಡುಕಿ ತಂದು ಹೊಲಿಸಿದೆ. 450 ರೂಪಾಯಿಯ ಲಂಗ ಹೊಲಿಗೆ ಸೇರಿ 290ಕ್ಕೆ ಆಯಿತು. ಕಾಲರ್ ಸವೆದರೆ ಬಿಚ್ಚಿ, ತಿರುವಿ ಹೊಲಿಯುತ್ತಿದ್ದೆ. ಮಕ್ಕಳು ಶಾಲೆಯಿಂದ ಬಂದ ಕೂಡಲೇ ಬಟ್ಟೆ ಬದಲಿಸಬೇಕು. ಒಗೆದ ಬಟ್ಟೆ ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಗಬೇಕು. ಮಗಳ ಲಂಗವನ್ನು ಎರಡು ವರ್ಷ ಮುಂಚಿತವಾಗಿ ಉದ್ದ ಹೊಲಿಸಿ, ಅಂಚಿನಲ್ಲಿ ದಪ್ಪ ಮಡಿಕೆ ಕೊಟ್ಟಿದ್ದೆ. ಅವಳು ಬೆಳೆದಂತೆ ಒಂದೊಂದೇ ಮಡಿಕೆ ಬಿಚ್ಚುತ್ತಿದ್ದೆ. ಎಷ್ಟು ಜಾಣೆ ನಾನು ಅಂದುಕೊಂಡಿದ್ದೆ!

ಆರನೆಯ ತರಗತಿಯಲ್ಲಿ ಅವಳಿಗೆ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂತು. ಬಹುಮಾನದ ದಿನವೇ ಹೊಟ್ಟೆನೋವೆಂದು ಮಲಗಿದಳು. ನಾನು ಓಮಿನ ಕಷಾಯ ಕುದಿಸುತ್ತಿದ್ದೆ. ಮಗ ಬಾಗಿಲಲ್ಲಿ ನಿಂತು ಹೇಳಿಬಿಟ್ಟ:

“ಅವ್ವಾ, ಅಕ್ಕಂಗೆ ಹೊಟ್ಟೆನೋವಿಲ್ಲ. ಸ್ಟೇಜ್ ಮೇಲೆ ಹೋದ್ರೆ ಎಲ್ರೂ ಅಳಿಲು ಅಂತಾರೆ.”

“ಅಳಿಲು ಯಾಕೋ?”

“ಲಂಗದ ಮೇಲೆ ಮೂರು ಗೀಟಿದಾವಲ್ಲ.”

ಗೋಡೆಯ ಮೊಳೆಗೆ ನೇತುಹಾಕಿದ್ದ ಲಂಗವನ್ನು ಆಗ ಸರಿಯಾಗಿ ನೋಡಿದೆ. ಮಾಸಿದ ನೀಲಿಯ ನಡುವೆ, ಬಿಸಿಲು ಕಾಣದ ಮಡಿಕೆಗಳ ಮೂರು ಕಡುನೀಲಿ ಗೀಟು. ವರ್ಷವಿಡೀ ಅವಳು ಚೀಲವನ್ನು ಬೆನ್ನಿಗೆ ಹಾಕದೆ ಮುಂದೆ ಹಿಡಿದು ನಡೆಯುತ್ತಿದ್ದುದು ಏಕೆಂದು ಹೊಳೆಯಿತು. ನಾನು ಉಳಿಸಿದ 160 ರೂಪಾಯಿಯನ್ನು ಅವಳು ದಿನಾ ತೀರಿಸುತ್ತಿದ್ದಳು.

“ಯಾಕೆ ಮಗ ಹೇಳಲಿಲ್ಲ?” ಎಂದೆ. “ಹೇಳಿದ್ರೆ ನೀನು ಇನ್ನೊಂದು ಮನೆ ಕೆಲಸ ಹಿಡೀತಿದ್ದೆ” ಎಂದಳು. ನನಗೆ ಮಾತು ಹೊರಡಲಿಲ್ಲ.

ಅಂದು ರಾತ್ರಿ ಡಬ್ಬಿಯನ್ನೂ ಲೆಕ್ಕದ ಪುಸ್ತಕವನ್ನೂ ಅವಳ ಮುಂದೆ ಇಟ್ಟೆ. ಬರುವುದೆಷ್ಟು, ಹೋಗುವುದೆಷ್ಟು, ಎಲ್ಲ ತೋರಿಸಿದೆ. “ಎಲ್ಲಿ ಹಿಡಿಯೋಣ, ಎಲ್ಲಿ ಬಿಡೋಣ, ನೀನೇ ಹೇಳು” ಎಂದೆ. ಅವಳು ಬಹಳ ಹೊತ್ತು ಯೋಚಿಸಿ, ಲಂಗ ಒಂದು ಹೊಸದು ಬೇಕು, ಕ್ಯಾನ್‌ವಾಸ್ ಶೂ ಮಾತ್ರ ಯಾರಾದರೂ ಹಾಕಿಬಿಟ್ಟದ್ದಾದರೂ ಪರವಾಗಿಲ್ಲ ಎಂದಳು. ನಾನು ಇದರ ತಿರುವುಮುರುವು ಮಾಡುತ್ತಿದ್ದೆ. ಹೊಸ ಲಂಗ ಹೊಲಿಯುವಾಗ ಟೈಲರ್ ಹೇಳಿಕೊಟ್ಟರು: “ಹೆಚ್ಚಿನ ಬಟ್ಟೆ ಕೆಳಗೆ ಬಿಡಬೇಡಿ ಅಕ್ಕ, ಸೊಂಟದ ಪಟ್ಟಿಯೊಳಗೆ ಬಿಡಿ. ಬೆಳೆದಾಗ ಪಟ್ಟಿ ಬಿಚ್ಚಿ ಮೇಲೆ ಹೊಲಿದರಾಯ್ತು, ಗೀಟು ಬೆಲ್ಟಿನಡಿ ಅಡಗುತ್ತೆ.”

ಆ ವರ್ಷದಿಂದ ಅಕ್ಕಪಕ್ಕದ ತಾಯಂದಿರು ಬೇಸಿಗೆ ರಜೆಯಲ್ಲಿ ಚಿಕ್ಕದಾದ ಉಡುಪು ಬದಲಾಯಿಸಿಕೊಳ್ಳತೊಡಗಿದೆವು. ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿಯೇ ಕೊಡಬೇಕು. ಪುಕ್ಕಟೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಸೀರೆಗೆ ಫಾಲ್ಸ್ ಹೊಲಿದುಕೊಟ್ಟು ಋಣ ತೀರಿಸುತ್ತಿದ್ದೆ. ಶೂ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಒಂದು ಅಳತೆ ದೊಡ್ಡದು ಕೊಂಡು ಮುಂದೆ ಕಾಗದ ತುರುಕಿದ್ದಕ್ಕೆ ಮಗನ ಹಿಮ್ಮಡಿ ಬೊಬ್ಬೆ ಎದ್ದು, ಮುಲಾಮಿಗೆ ದುಡ್ಡು ತೆತ್ತಿದ್ದೇನೆ.

2018ರಲ್ಲಿ ಎಂಟನೆಯ ತರಗತಿಗೆ ಮಗಳು ತಾನಾಗಿಯೇ ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತೇನೆಂದಳು. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಹತ್ತನೆಯ ತರಗತಿವರೆಗಿನ ಮಕ್ಕಳಿಗೆ ಸಮವಸ್ತ್ರ, ಪಠ್ಯಪುಸ್ತಕ ಉಚಿತ. ಶೂ, ಕಾಲುಚೀಲವೂ ಬಂತು. ಅಪ್ಪನ ಆಸೆ ಎಂದು ನಾನು ರಾಗ ಎಳೆದೆ. “ಅಪ್ಪ ಆಸೆಪಟ್ಟಿದ್ದು ನಾನು ಓದಲಿ ಅಂತ, ಟೈ ಕಟ್ಟಲಿ ಅಂತಲ್ಲ” ಎಂದಳು. ಐದು ವರ್ಷ ನನಗೆ ತಿಳಿಯದಿದ್ದದ್ದು ಅವಳಿಗೆ ತಿಳಿದಿತ್ತು.

ಒಬ್ಬರೇ ಮಕ್ಕಳನ್ನು ಸಾಕುವವರು ಉಳಿತಾಯ ಮಾಡದೆ ಗತಿಯಿಲ್ಲ. ಆದರೆ ಅದರ ಭಾರ ಯಾರ ಮೈಮೇಲೆ ಕೂತಿದೆ ಎಂದು ಒಮ್ಮೆ ಕೇಳಿ ನೋಡಿ. ಮಕ್ಕಳೇ, ನೀವೂ ಹೊಟ್ಟೆನೋವಿನ ನೆಪ ಹೇಳಬೇಡಿ, ಇದ್ದದ್ದು ಹೇಳಿ. ಅವ್ವಂದಿರು ಅಷ್ಟು ಬೇಗ ಮುರಿಯುವುದಿಲ್ಲ.

ಆ ಹಳೆಯ ಲಂಗವನ್ನು ಎಸೆಯಲಿಲ್ಲ. ಮಗಳೇ ಕತ್ತರಿಸಿ ಕೈಚೀಲ ಹೊಲಿದಳು. ಭಾನುವಾರ ಸೌತೆಕಾಯಿ ಒಯ್ಯುವುದು ಅದರಲ್ಲೇ. ಮೂರು ಗೀಟು ಇನ್ನೂ ಮಾಸಿಲ್ಲ.