ನೀರಿನ ಮೇಲಿಂದ ಎದ್ದಿತು ನೋಡಿ!

ಸೋದರಿಯರೇ, ಐವತ್ತು ದಾಟಿದ ಹೆಂಗಸೊಬ್ಬಳು ಕೆರೆ ಏರಿಯ ಮೇಲೆ ನಿಂತು ವಿಮಾನ ಹಾರಿಸಿದಳೆಂದರೆ ನಿಮಗೆ ನಗು ಬರುತ್ತದೆ. ನಮ್ಮ ಗೌನಿಪಲ್ಲಿಯವರೂ ನಕ್ಕರು. ನೀವು ಮಾತ್ರ ಪೂರ್ತಿ ಕೇಳಿದ ಮೇಲೆ ನಗಿ.

ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಜಿಲ್ಲೆ ನಮ್ಮದು. ಕೆರೆಯೆಂದರೆ ಜಾಲಿ ಗಿಡ, ಮೇಕೆ, ಬಿರಿದ ಮಣ್ಣು ಎಂದೇ ತಿಳಿದು ಬೆಳೆದವನು ನನ್ನ ಮಗ. 2021ರ ನವೆಂಬರಿನ ಮಳೆಗೆ ಕೋಲಾರ ಸೀಮೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು, ನಮ್ಮೂರಾಚೆಯದೂ ತುಂಬಿತು. ಅದೇ ಹೊತ್ತಿಗೆ ಮಗ ಎಂಜಿನಿಯರಿಂಗಿನಲ್ಲಿ ಎರಡು ವಿಷಯ ಫೇಲಾಗಿ ಮನೆಗೆ ಬಂದು ಕೂತ. ಮಾತಿಲ್ಲ, ಕತೆಯಿಲ್ಲ. ತಟ್ಟೆ ಮುಂದೆ ಸುಮ್ಮನೆ ಅನ್ನ ಕಲಸುತ್ತಿರುತ್ತಿದ್ದ. ಅವರಪ್ಪನಂತೂ ಅವನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದರು.

ಒಂದು ದಿನ ನೋಡಿದರೆ ಥರ್ಮೊಕೋಲಿನಂಥ ಹಗುರ ಹಲಗೆ ಕತ್ತರಿಸುತ್ತಿದ್ದಾನೆ. "ಏನೋ ಇದು?" ಅಂದೆ.

"ನೀರಿನ ಮೇಲಿಂದ ಏಳೋ ವಿಮಾನ ಅಮ್ಮ, ರೇಡಿಯೋದಲ್ಲಿ ನಡೆಸೋದು."

ಸಿಟ್ಟು ನೆತ್ತಿಗೇರಿತು. ಆದರೆ ಎರಡು ವಾರಕ್ಕೆ ಅವನ ಬಾಯಿಂದ ಬಂದ ಉದ್ದನೆಯ ಮಾತು ಅದೇ! ಸಿಟ್ಟು ನುಂಗಿಕೊಂಡು, "ಅದು ಹೇಗೋ ಏಳತ್ತೆ?" ಅಂತ ಕೇಳಿದೆ.

ಅವನು ಹೇಳುತ್ತಾ ಹೋದ. 1910ರಲ್ಲಿ ಫ್ರಾನ್ಸಿನ ಹೆನ್ರಿ ಫಾಬ್ರ್ ಮೊದಲ ಸಲ ನೀರಿನಿಂದ ವಿಮಾನ ಎಬ್ಬಿಸಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಗೆ ರಿಪೇರಿಗೆ ಬಂದ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದದ್ದು. ಗಾಲಿ ಬದಲು ವಿಮಾನಕ್ಕೆ ಎರಡು ಪುಟ್ಟ ದೋಣಿ. ದೋಣಿಯ ತಳದಲ್ಲಿ ಒಂದು ಮೆಟ್ಟಿಲು. ಒದ್ದೆ ಕಲ್ಲಿನ ಮೇಲಿಟ್ಟ ತಟ್ಟೆ ಅಂಟಿಕೊಂಡು ಬಿಡುತ್ತದಲ್ಲ, ನೀರೂ ಹಾಗೇ ಹಿಡಿದೆಳೆಯುತ್ತದಂತೆ. ಆ ಮೆಟ್ಟಿಲೇ ಅಂಟು ಬಿಡಿಸುವುದು.

ಮೊದಲ ದಿನ ವಿಮಾನ ನಾಲ್ಕು ಮಾರು ಓಡಿ, ಮೂಗು ನೀರಿಗೆ ಚುಚ್ಚಿ ಮಗುಚಿಕೊಂಡಿತು. ಮೀನು ಹಿಡಿಯುವವರ ತೆಪ್ಪದಲ್ಲಿ ಹೋಗಿ ತಂದದ್ದಾಯಿತು. ಮಗನ ಮುಖ ಮತ್ತೆ ಸಪ್ಪಗಾಯಿತು. ಮನೆಗೆ ಬಂದು ಒಣಗಿಸಿ ನಾನೇ ಎತ್ತಿ ನೋಡಿದೆ. ಬಿಂದಿಗೆ ಹೊತ್ತ ಸೊಂಟಕ್ಕೆ ಭಾರ ಎಲ್ಲಿದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. "ಮುಂದೆ ಭಾರ ಜಾಸ್ತಿ ಕಣೋ" ಅಂದೆ. ಎರಡೂ ರೆಕ್ಕೆಗಳ ಕೆಳಗೆ ಬೆರಳಿಟ್ಟು ತೂಗಿ ನೋಡಿದ, ನಿಜ. ಬ್ಯಾಟರಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ.

ಮರುದಿನ ಬೆಳಿಗ್ಗೆ ನೀರಿನ ಮೇಲೆ ಸಣ್ಣ ಅಲೆ. ಅದು ಒಳ್ಳೆಯದಂತೆ, ಕನ್ನಡಿಯಂಥ ನೀರು ಬೇಗ ಬಿಡುವುದಿಲ್ಲವಂತೆ. ಗಾಳಿಗೆ ಎದುರಾಗಿ ಬಿಟ್ಟ. ಮೊದಲು ಎಮ್ಮೆಯ ಹಾಗೆ ನೀರು ತಳ್ಳಿತು, ಆಮೇಲೆ ಮೇಲಕ್ಕೆ ಬಂದು ಜಾರಿತು, ಆಮೇಲೆ ನೀರೂ ಇಲ್ಲ, ಸದ್ದೂ ಇಲ್ಲ, ಎದ್ದೇಬಿಟ್ಟಿತು! "ಎಗಿರಿಂದಿ ರಾ!" ಅಂತ ಮೇಕೆ ಕಾಯುವ ಹುಡುಗರು ಕೂಗಿದರು.

ಎತ್ತರಕ್ಕೆ ಹೋದ ಮೇಲೆ ಮಗ ಪೆಟ್ಟಿಗೆಯನ್ನು ನನ್ನ ಕೈಗೆ ತುರುಕಿದ. ದೂರ ಹೋಗುವಾಗ ಸರಿಯಾಗೇ ಇತ್ತು. ನನ್ನತ್ತ ತಿರುಗಿದಾಗ ಎಡ ಬಲ ಅದಲುಬದಲಾಯಿತು. "ಅಯ್ಯೋ, ಹಿಡ್ಕೊಳ್ಳೋ!" ಅಂದೆ. "ನೀನೇ ನಡೆಸು, ನಾನಿದ್ದೀನಿ" ಅಂದ. ಒಂದು ಸುತ್ತು ಹಾಕಿಸಿದೆ. ಇಳಿಸಿದ್ದು ಅವನೇ.

ಹಿಂತಿರುಗಿ ನೋಡಿದರೆ ಏರಿಯ ಕೊನೆಯಲ್ಲಿ ಯಜಮಾನರು ನಿಂತಿದ್ದಾರೆ. ಯಾವಾಗ ಬಂದಿದ್ದರೋ! ಹತ್ತಿರ ಬಂದು ಮಗನಿಗೆ, "ಇನ್ನೊಂದು ಸಲ ಬಿಡು, ನೋಡೋಣ" ಅಂದರು. ಎರಡು ತಿಂಗಳಿಗೆ ಅವರು ಅವನೊಡನೆ ಆಡಿದ ಮೊದಲ ಮಾತು.

ಪರೀಕ್ಷೆ? ಒಂದು ವಿಷಯ ಮುಂದಿನ ಸಲ ಪಾಸಾಯಿತು, ಇನ್ನೊಂದು ಅದರ ಮುಂದಿನ ಸಲ.

ನಿಮ್ಮ ಮಕ್ಕಳೂ ಇಂಥದ್ದಕ್ಕೆ ಕೈಹಾಕಿದರೆ ಎರಡು ಮಾತು. ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಬೇಡಿ. ಬಿದ್ದ ವಿಮಾನ ತರಲು ಯಾರನ್ನೂ ನೀರಿಗೆ ಹಾರಲು ಬಿಡಬೇಡಿ. ಮತ್ತೊಂದಿದೆ. ಬೈಯುವ ಮುಂಚೆ "ಅದು ಹೇಗೋ ಏಳತ್ತೆ?" ಅಂತ ಒಮ್ಮೆ ಕೇಳಿ ನೋಡಿ.